ಮನೆಗೆ ಕಾವಲು, ಮನಸ್ಸಿಗೆ ಬಿಡುವು

ಗೃಹಸ್ಥನಿಗೆ ಮನೆಯುಂಟು, ಮನೆಗೆ ಬಾಗಿಲುಂಟು, ಬಾಗಿಲಿಗೆ ಬೀಗವುಂಟು. ಎಲ್ಲವನ್ನೂ ತೊರೆದು ನಡೆದ ಮುನಿಗಳಿಗೆ ಕಾವಲಿನ ಚಿಂತೆಯಿಲ್ಲ. ಏಕೆಂದರೆ ಕಾಯತಕ್ಕ ವಸ್ತುವೇ ಅವರಲ್ಲಿಲ್ಲ. ಆದರೆ ವೃದ್ಧ ತಂದೆತಾಯಿಗಳನ್ನೂ ಮಡದಿಮಕ್ಕಳನ್ನೂ ತನ್ನ ದುಡಿಮೆಯ ಫಲವನ್ನೂ ಜೊತೆಯಲ್ಲಿಟ್ಟುಕೊಂಡು ಬಾಳುವ ಶ್ರಾವಕನು ರಾತ್ರಿ ಬಾಗಿಲು ತೆರೆದಿಟ್ಟು ಮಲಗಬೇಕೆಂದು ನಮ್ಮ ಶಾಸ್ತ್ರಗಳು ವಿಧಿಸುವುದಿಲ್ಲ. ಆದುದರಿಂದ ಮನೆಯನ್ನು ಕಾಯಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಕಾಯುವ ಕಾರ್ಯವು ಕಾಯುವವನ ಮನಸ್ಸನ್ನು ಏನು ಮಾಡುತ್ತದೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಇಂದು ಎತ್ತಿಕೊಳ್ಳಲು ಕಾರಣವಿದೆ. ಕಳ್ಳರ ಸುಳಿವು ತಿಳಿಸುವ ಯಂತ್ರವು ಒಂದು ಕಾಲದಲ್ಲಿ ಬ್ಯಾಂಕುಗಳಿಗೂ ಆಭರಣದ ಅಂಗಡಿಗಳಿಗೂ ಮೀಸಲಾಗಿತ್ತು. ಗೋಡೆಯನ್ನು ಕೊರೆದು ತಂತಿ ಎಳೆಯಲು ತಜ್ಞರೇ ಬರಬೇಕಾಗಿತ್ತು. ಈಗ ಹಾಗಿಲ್ಲ. ಕೆಲವು ಸಾವಿರ ರೂಪಾಯಿಗಳಿಗೆ ಒಂದು ರಟ್ಟಿನ ಪೆಟ್ಟಿಗೆ ಮನೆಗೆ ಬರುತ್ತದೆ. ಅದರೊಳಗಿನ ಬಿಲ್ಲೆಗಳನ್ನು ಅಂಟಿನ ಪಟ್ಟಿಯಿಂದ ಬಾಗಿಲು ಕಿಟಕಿಗಳಿಗೆ ಹಚ್ಚಿ, ಮೊಬೈಲ್ ದೂರವಾಣಿಗೆ ಜೋಡಿಸಿಕೊಂಡರೆ ಮುಗಿಯಿತು; ಒಂದು ಭಾನುವಾರದ ಮಧ್ಯಾಹ್ನದೊಳಗೆ ಮನೆಯ ಯಜಮಾನನೇ ತನ್ನ ಮನೆಗೆ ಕಾವಲು ಹಾಕಿಕೊಳ್ಳಬಹುದು. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಬೆಂಗಳೂರುಗಳ ಮಧ್ಯಮ ವರ್ಗದವರಿಗೂ ಇದು ಎಟುಕದ ವಸ್ತುವಲ್ಲ. ಇಷ್ಟು ಸುಲಭವಾಗಿ ದೊರೆಯುವ ವಸ್ತುವನ್ನು ವಿವೇಕದಿಂದ ಆರಿಸುವುದು ಹೇಗೆ, ಆರಿಸಿದ ಮೇಲೆ ಅದರೊಡನೆ ಬಾಳುವುದು ಹೇಗೆ ಎಂಬುದನ್ನು ಯೋಚಿಸಬೇಕಾಗಿದೆ.

ಮೊದಲು ಇದರ ಸ್ವರೂಪವನ್ನು ತಿಳಿಯೋಣ. ಬಾಗಿಲಿನ ಸಂವೇದಕ ಅಥವಾ ಸೆನ್ಸರ್ ಎಂಬುದು ಎರಡು ತುಂಡುಗಳ ಜೋಡಿ. ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಗಾಜಿನ ಪುಟ್ಟ ಕೊಳವೆಯೊಳಗೆ ಕಬ್ಬಿಣದ ಅಂಶವುಳ್ಳ ಎರಡು ತೆಳುವಾದ ಪಟ್ಟಿಗಳು. ಬಾಗಿಲು ಮುಚ್ಚಿರುವಾಗ ಅಯಸ್ಕಾಂತದ ಸಾಮೀಪ್ಯದಿಂದ ಪಟ್ಟಿಗಳು ಕೂಡಿಕೊಂಡಿರುತ್ತವೆ; ಬಾಗಿಲು ತೆರೆದೊಡನೆ ಅಗಲುತ್ತವೆ. ಆ ಅಗಲಿಕೆಯನ್ನು ಒಂದು ಸಣ್ಣ ಪ್ರೇಷಕವು ರೇಡಿಯೋ ಅಲೆಯ ಮೂಲಕ ಮನೆಯೊಳಗಿನ ಮುಖ್ಯ ಪೆಟ್ಟಿಗೆಗೆ ತಿಳಿಸುತ್ತದೆ. ಕೋಣೆಯ ಮೂಲೆಯಲ್ಲಿಡುವ ಚಲನೆಯ ಸಂವೇದಕವಾದರೋ ತಾನಾಗಿ ಯಾವ ಕಿರಣವನ್ನೂ ಹೊರಸೂಸುವುದಿಲ್ಲ. ಮನುಷ್ಯನ ದೇಹದಿಂದ ಸಹಜವಾಗಿ ಹೊರಡುವ ಅವಕೆಂಪು ಕಿರಣಗಳನ್ನು, ಅಂದರೆ ಮೈಯ ಶಾಖವನ್ನು, ಅದು ಗ್ರಹಿಸುತ್ತದೆ; ಆ ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಾಗ ಸುದ್ದಿ ಕೊಡುತ್ತದೆ. ಮುಖ್ಯ ಪೆಟ್ಟಿಗೆಯು ಸೈರನ್ನನ್ನು ಕೂಗಿಸುತ್ತದೆ. ಅಂತರಜಾಲದ ಮೂಲಕವೋ ಸಿಮ್ ಕಾರ್ಡಿನ ಮೂಲಕವೋ ಮನೆಯವರ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ಇಷ್ಟೇ ಇದರ ಒಟ್ಟು ರಹಸ್ಯ.

ಇದರ ಇತಿಹಾಸವೂ ತಿಳಿಯತಕ್ಕದ್ದು. ವಿದ್ಯುತ್ತಿನಿಂದ ನಡೆಯುವ ಕಳ್ಳಗಂಟೆಗೆ 1853ರಲ್ಲಿ ಅಮೆರಿಕದ ಬೋಸ್ಟನ್ ಪ್ರಾಂತದ ಆಗಸ್ಟಸ್ ಪೋಪ್ ಎಂಬಾತನು ಹಕ್ಕುಪತ್ರ ಪಡೆದನು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ನ್ಯೂಯಾರ್ಕಿನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿ, ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಮನೆಯಲ್ಲಿರಬೇಕಾದ ಭಯದಿಂದ, ಬಾಗಿಲಾಚೆ ನಿಂತವರನ್ನು ತೋರಿಸುವ ಕ್ಯಾಮೆರಾ ಹಾಗೂ ಸಹಾಯ ಕೇಳುವ ಗುಂಡಿಗಳುಳ್ಳ ವ್ಯವಸ್ಥೆಯನ್ನು ಪತಿಯೊಡನೆ ರೂಪಿಸಿದಳು. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಅದರ ಹಕ್ಕುಪತ್ರ ಪಡೆದಳು. ಮನೆಯ ಎಚ್ಚರಿಕೆಯ ಯಂತ್ರಕ್ಕೆ ಮೂಲವಾದವುಗಳಲ್ಲಿ ಒಂದು, ಧನಿಕನ ತಿಜೋರಿಯಲ್ಲ, ಒಬ್ಬ ದುಡಿಯುವ ಹೆಣ್ಣುಮಗಳ ಜೀವಭಯ ಎಂಬುದನ್ನು ನಾವು ಮರೆಯಬಾರದು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಅಹಿಂಸೆಯ ದೃಷ್ಟಿಯಿಂದ ಈ ಯಂತ್ರವನ್ನು ಹೇಗೆ ಕಾಣಬೇಕು? ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ, ಉದ್ಯೋಗೀ, ಆರಂಭೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಬೇಕೆಂದು ಮಾಡುವ ಸಂಕಲ್ಪೀ ಹಿಂಸೆಯು ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ತನ್ನನ್ನೂ ತನ್ನವರನ್ನೂ ರಕ್ಷಿಸಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣ ತೊರೆಯಲಾರನು. ಆದರೆ ಅದನ್ನು ಅತ್ಯಂತ ಅಲ್ಪಕ್ಕೆ ಇಳಿಸಬೇಕು. ನಮ್ಮ ದೇಶದ ದಂಡಶಾಸನವೂ ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತಲೇ, ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂದು ಮಿತಿ ಹಾಕಿದೆ. ಈ ಒರೆಗಲ್ಲಿಗೆ ಹಚ್ಚಿದರೆ ಎಚ್ಚರಿಕೆಯ ಗಂಟೆಯು ಉಳಿದ ಕಾವಲುಗಳಿಗಿಂತ ಉತ್ತಮವೆಂದೇ ಹೇಳಬೇಕು. ಆವರಣದ ಗೋಡೆಯ ಮೇಲೆ ನೆಟ್ಟ ಗಾಜಿನ ಚೂರುಗಳು ಕಳ್ಳನನ್ನೂ ಬೆಕ್ಕನ್ನೂ ಒಂದೇ ರೀತಿ ಸೀಳುತ್ತವೆ. ಸೈರನ್ ಯಾರ ರಕ್ತವನ್ನೂ ಹರಿಸುವುದಿಲ್ಲ. ಅದು ಒಳನುಗ್ಗಿದವನಿಗೆ ಕೇಡು ಮಾಡದೆ ಅವನನ್ನು ಓಡಿಸುತ್ತದೆ. ಅವನು ಮಾಡಲಿದ್ದ ಪಾಪವನ್ನು ಅರ್ಧದಲ್ಲೇ ತಡೆಯುತ್ತದೆ.

ಕಾವಲಿಗೆಂದು ಜೀವಿಗಳನ್ನು ಬಳಸುವ ರೂಢಿಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಗಲೆಲ್ಲ ಕಟ್ಟಿಹಾಕಿ ಸಿಡುಕು ಹೆಚ್ಚಿಸಿದ ನಾಯಿಯನ್ನು ಎಷ್ಟೋ ಮನೆಗಳ ಮುಂದೆ ಕಾಣುತ್ತೇವೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅಹಿಂಸಾಣುವ್ರತದ ಅತಿಚಾರಗಳು. ಮೊದಲನೆಯದೇ ಬಂಧ, ಕಟ್ಟಿಹಾಕುವುದು. ಇನ್ನು, ಅಲ್ಪ ಸಂಬಳಕ್ಕೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಾತ್ರಿಯೆಲ್ಲ ಕುಳಿತಿರುವ, ಹಗಲು ಮತ್ತೊಂದು ಕೆಲಸಕ್ಕೂ ಹೋಗುವ ಮುದುಕ ಕಾವಲುಗಾರನು. ನಮ್ಮ ನಿದ್ರೆಗಾಗಿ ಇನ್ನೊಬ್ಬರ ನಿದ್ರೆಯನ್ನು ಇಷ್ಟು ಅಗ್ಗವಾಗಿ ಕೊಳ್ಳುವುದು ಅತಿಭಾರಾರೋಪಣವಲ್ಲದೆ ಮತ್ತೇನು? ಕಾವಲುಗಾರನಿಗೆ ನ್ಯಾಯವಾದ ವೇತನವನ್ನೂ ವಿಶ್ರಾಂತಿಯನ್ನೂ ಕೊಟ್ಟು ಇಟ್ಟುಕೊಳ್ಳುವವರ ಮಾತು ಬೇರೆ. ಅವರು ಒಬ್ಬನ ಜೀವನಕ್ಕೆ ಆಧಾರವಾಗುತ್ತಾರೆ. ಹಾಗೆ ಕೊಡಲಾರದವರು ಎಚ್ಚರವಾಗಿರುವ ಭಾರವನ್ನು ಜೀವವಿಲ್ಲದ ಯಂತ್ರಕ್ಕೆ ಒಪ್ಪಿಸುವುದೇ ಲೇಸು.

ಇಲ್ಲಿಯವರೆಗೆ ಯಂತ್ರದ ಪಕ್ಷವಾಗಿ ಮಾತನಾಡಿದ್ದಾಯಿತು. ಆದರೆ ಬಾಹ್ಯ ಹಿಂಸೆಯೊಂದನ್ನೇ ನೋಡಿ ನಿರ್ಣಯಕ್ಕೆ ಬರುವುದು ನಮ್ಮ ಪರಂಪರೆಯ ರೀತಿಯಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಧ್ಯಾನಗಳನ್ನು ವಿವರಿಸುತ್ತ, ಕ್ರೂರ ಪರಿಣಾಮವುಳ್ಳ ರೌದ್ರಧ್ಯಾನಕ್ಕೆ ನಾಲ್ಕು ಮೂಲಗಳನ್ನು ಹೇಳುತ್ತದೆ. ಹಿಂಸೆ, ಅಸತ್ಯ, ಕಳವು ಇವು ಮೂರು ಯಾರಿಗಾದರೂ ಊಹೆಗೆ ಬರುವಂಥವು. ನಾಲ್ಕನೆಯದು ವಿಷಯಸಂರಕ್ಷಣ. ತನ್ನ ಭೋಗವಸ್ತುಗಳನ್ನು ಕಾಪಾಡಿಕೊಳ್ಳುವ ಸತತ ಚಿಂತನೆಯೂ ಕೊಲೆಯ ಚಿಂತನೆ, ಕಳವಿನ ಚಿಂತನೆಗಳ ಪಂಕ್ತಿಯಲ್ಲಿಯೇ ಕುಳಿತಿದೆ! ಅಷ್ಟೇ ಅಲ್ಲ, ಈ ರೌದ್ರಧ್ಯಾನವು ವ್ರತವಿಲ್ಲದ ಅವಿರತನಲ್ಲಿ ಮಾತ್ರವಲ್ಲದೆ, ಅಣುವ್ರತಗಳನ್ನು ಪಾಲಿಸುವ ದೇಶವಿರತನಲ್ಲಿಯೂ ಉಂಟಾಗುತ್ತದೆಂದು ಸೂತ್ರಕಾರರು ಹೇಳಿದ್ದಾರೆ. ಅಂದರೆ ಇದು ನೆರೆಮನೆಯವನ ದೋಷವೆಂದು ತಳ್ಳಿಹಾಕುವಂತಿಲ್ಲ. ವ್ರತಿಯಾದ ಶ್ರಾವಕನನ್ನೂ ಉದ್ದೇಶಿಸಿದ ಎಚ್ಚರಿಕೆ ಇದು.

ಕಳ್ಳನ ಚಿಂತೆಯನ್ನೂ ಯಜಮಾನನ ಚಿಂತೆಯನ್ನೂ ಒಂದೇ ಸಾಲಿನಲ್ಲಿಟ್ಟುದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರಬಹುದು. ಸ್ವಲ್ಪ ಆಲೋಚಿಸಿದರೆ ಅದರ ಸತ್ಯ ತಿಳಿಯುತ್ತದೆ. ಕತ್ತಲಲ್ಲಿ ನಿಂತ ಕಳ್ಳನು ಬಾಗಿಲನ್ನು ನೋಡುತ್ತಾನೆ, ಕಿಟಕಿಯ ಸರಳನ್ನು ಎಣಿಸುತ್ತಾನೆ, ಯಾರು ಯಾವಾಗ ಹೊರಗೆ ಹೋಗುತ್ತಾರೆಂದು ಲೆಕ್ಕ ಹಾಕುತ್ತಾನೆ. ಭಯಗ್ರಸ್ತನಾದ ಯಜಮಾನನೂ ಅದನ್ನೇ ಮಾಡುತ್ತಾನೆ. ಇಬ್ಬರ ಕಣ್ಣಿಗೂ ಮನೆಯು ಮನೆಯಾಗಿ ಕಾಣದೆ ಒಳನುಗ್ಗಬಹುದಾದ ತೆರಪುಗಳ ಒಂದು ಪಟ್ಟಿಯಾಗಿ ಕಾಣುತ್ತದೆ. ಕೃತ್ಯದಲ್ಲಿ ಇಬ್ಬರಿಗೂ ಅಜಗಜಾಂತರ. ಒಬ್ಬನು ಅಪರಾಧಿ, ಇನ್ನೊಬ್ಬನು ನಿರಪರಾಧಿ. ಆದರೆ ಮನಸ್ಸು ನೆಲೆನಿಂತ ಜಾಗ ಒಂದೇ. ಕರ್ಮಬಂಧವು ಪರಿಣಾಮವನ್ನು ಅವಲಂಬಿಸಿದುದೆಂದು ನಂಬುವ ನಾವು ಈ ಸಾಮ್ಯವನ್ನು ಅಲಕ್ಷಿಸಲಾಗದು.

ಹಾಗಾದರೆ ಯಂತ್ರದ ಬಗೆಗೆ ನಮ್ಮ ನಿಲುವೇನು? ಮನೆಯ ಕಾವಲನ್ನು ಮನಸ್ಸಿನಿಂದ ಇಳಿಸಿ ಗೋಡೆಗೆ ತಗುಲಿಸುವ ಯಂತ್ರವು ಸಾಧನೆಗೆ ಸಹಾಯಕ. ಗೋಡೆಗೆ ತಗುಲಿಸಿದ ಕಾವಲನ್ನು ತಿರುಗಿ ಮನಸ್ಸಿಗೇ ಹೊರಿಸುವ ಯಂತ್ರವು ಬಾಧಕ. ಯಂತ್ರವು ಒಂದೇ ಆಗಿದ್ದರೂ ಆರಿಸುವ ಮತ್ತು ಬಳಸುವ ಬಗೆಯಿಂದ ಅದು ಎರಡೂ ಆಗಬಲ್ಲುದು. ಈ ಲೇಖನದ ತಾತ್ಪರ್ಯವೆಲ್ಲ ಇಷ್ಟೇ. ಉಳಿದುದು ಇದರ ವಿವರಣೆ.

ಆರಿಸುವ ಕೆಲಸವು ಅಂಗಡಿಯಲ್ಲಿ ಆರಂಭವಾಗಬಾರದು. ಮನೆಯಲ್ಲಿ ಒಂದು ಹಾಳೆಯ ಮೇಲೆ ಆರಂಭವಾಗಬೇಕು. ಕಾಯತಕ್ಕದ್ದು ಏನು ಎಂಬುದನ್ನು ಮೊದಲು ಬರೆಯಬೇಕು. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವವರು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮೊದಲಾದವುಗಳಿಗೆ ಮಿತಿ ಹಾಕಿಕೊಳ್ಳುವಾಗ ಮಾಡುವ ಲೆಕ್ಕವೇ ಇಲ್ಲಿಯೂ ಉಪಯುಕ್ತ. ಹೀಗೆ ಬರೆಯುವಾಗ ಮೂರು ಬಗೆಯ ವಸ್ತುಗಳು ಕಾಣುತ್ತವೆ. ಬ್ಯಾಂಕಿನ ಲಾಕರಿನಲ್ಲಿರಬೇಕಾದ ಒಡವೆ ಮತ್ತು ಕಾಗದಪತ್ರಗಳು ಒಂದು. ಮನೆಯಲ್ಲಿರುವ ಅಗತ್ಯವೇ ಇಲ್ಲದ, ಬೇರೊಬ್ಬರಿಗೆ ಕೊಡಬಹುದಾದ ಸಾಮಾನುಗಳು ಎರಡು. ದಿನಬಳಕೆಯ ಪಾತ್ರೆಪದಾರ್ಥಗಳು ಮೂರು. ಮೊದಲ ಎರಡನ್ನು ಹೊರಗೆ ಕಳುಹಿಸಿದ ಮೇಲೆ ಕಾಯಬೇಕಾದದ್ದು ಬಹಳವಾಗಿ ಉಳಿಯುವುದಿಲ್ಲ. ಉಳಿಯುವುದು ಮನೆಯ ಜನ. ಪರಿಗ್ರಹವನ್ನು ತತ್ತ್ವಾರ್ಥಸೂತ್ರವು ವಸ್ತುವಿನ ರಾಶಿಯಿಂದಲ್ಲ, ಮೂರ್ಛೆಯಿಂದ, ಅಂದರೆ ಮಮತೆಯಿಂದ ಅಳೆಯುತ್ತದೆ. ಎಷ್ಟು ಸಂವೇದಕಗಳು ಬೇಕೆಂಬ ಲೆಕ್ಕವು ಬಹುಮಟ್ಟಿಗೆ ನಮ್ಮ ಮೂರ್ಛೆಯ ಲೆಕ್ಕವೂ ಹೌದು.

ಆ ಬಳಿಕ ಬಾಗಿಲುಗಳನ್ನು ಎಣಿಸಬೇಕು. ಬಹುಮಹಡಿ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿರುವವರಿಗೆ ಮುಂಬಾಗಿಲಿಗೊಂದು ಸಂವೇದಕ ಸಾಕಾಗಬಹುದು. ಹಿತ್ತಲು, ಮಹಡಿಯ ಮೆಟ್ಟಿಲು ಇರುವ ಒಂಟಿಮನೆಗೆ ಮೂರು ನಾಲ್ಕು ಬೇಕಾಗಬಹುದು. ಮಾರುವವರ ಜಾಹೀರಾತು ಎಣಿಕೆಯನ್ನು ಇಲ್ಲಿಗೆ ನಿಲ್ಲಿಸಗೊಡುವುದಿಲ್ಲ. ಮುಸುಕು ಹಾಕಿದ ಮನುಷ್ಯ, ಒಡೆದ ಗಾಜು, ನಡುಗುವ ಮಗು ಇವುಗಳ ಚಿತ್ರಗಳನ್ನು ತೋರಿಸಿ ಅವರು ಮೊದಲು ಭಯವನ್ನು ಹುಟ್ಟಿಸುತ್ತಾರೆ. ಅನಂತರ ಅದಕ್ಕೆ ಪರಿಹಾರವನ್ನು ಮಾರುತ್ತಾರೆ. ಕೊಳ್ಳುವವನು ತನ್ನ ಬೀದಿಯ ನಿಜಸ್ಥಿತಿಯನ್ನು ನೋಡಿ ನಿರ್ಣಯಿಸಬೇಕೇ ಹೊರತು ಆ ಚಿತ್ರಗಳನ್ನು ನೋಡಿಯಲ್ಲ. ಗಟ್ಟಿಯಾದ ಕದ, ಒಳ್ಳೆಯ ಚಿಲಕ, ಅಂಗಳದಲ್ಲೊಂದು ದೀಪ ಇವು ಇಲ್ಲದ ಮನೆಗೆ ಯಂತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಯಂತ್ರವು ಬಾಗಿಲು ತೆರೆದುದನ್ನು ತಿಳಿಸುತ್ತದೆ. ಬಾಗಿಲನ್ನು ಹಿಡಿದು ನಿಲ್ಲಿಸುವುದಿಲ್ಲ.

ಕೊಳ್ಳುವಾಗ ಕೇಳತಕ್ಕ ಪ್ರಶ್ನೆಗಳು ಕೆಲವಿವೆ. ವಿದ್ಯುತ್ತು ಹೋದಾಗ, ಅಂತರಜಾಲ ಕಡಿದಾಗ, ಸೈರನ್ ತನ್ನ ಪಾಡಿಗೆ ಕೂಗಬಲ್ಲುದೇ? ಮುಖ್ಯ ಪೆಟ್ಟಿಗೆಯೊಳಗೆ ಬ್ಯಾಟರಿ ಉಂಟೇ? ಸಂವೇದಕದ ಬ್ಯಾಟರಿ ಮುಗಿಯುತ್ತ ಬಂದರೆ ಮುಂಚಿತವಾಗಿ ತಿಳಿಸುವುದೇ? ಅಗ್ಗದ ಉಪಕರಣಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಅಲೆಯನ್ನು ಬಳಸುತ್ತವೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನೂ ಅಲ್ಪಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ಬಳಸಬಹುದು. ಅಲೆ ಯಾವುದಾದರೂ ಸರಿ, ಸಂದೇಶವು ಗೂಢಲಿಪಿಯಲ್ಲಿ ಹೋಗುತ್ತದೆಯೇ ಎಂಬುದು ಮುಖ್ಯ. ಪ್ರತಿಸಲವೂ ಒಂದೇ ಸಂಕೇತವನ್ನು ಕಳುಹಿಸುವ ಉಪಕರಣವಾದರೆ, ಅದನ್ನು ಹೊರಗಿನಿಂದ ಹಿಡಿದಿಟ್ಟುಕೊಂಡು ಮತ್ತೆ ನುಡಿಸಿ ಯಂತ್ರವನ್ನು ನಿಲ್ಲಿಸಬಹುದು. ಅಮೆರಿಕದ ಹೆಸರುವಾಸಿ ಸಂಸ್ಥೆಯೊಂದರ ಯಂತ್ರದಲ್ಲಿಯೇ ಇಂಥ ದೋಷವಿರುವುದನ್ನು ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟರು. ಈ ಪ್ರಶ್ನೆಗಳಿಗೆಲ್ಲ ಸಮಾಧಾನಕರ ಉತ್ತರ ದೊರೆತ ಸರಳವಾದ ಯಂತ್ರವನ್ನು ಆರಿಸುವುದು ಜಾಣತನ. ಇದನ್ನು ಮಾಡಿ ಮುಗಿಸಿದವನಿಗೆ ಮತ್ತೆ ಮತ್ತೆ ಚಿಂತಿಸುವ ಕಾರಣ ಉಳಿಯುವುದಿಲ್ಲ. ಮೊದಲಲ್ಲಿಯೇ ಸರಿಯಾಗಿ ವಿಚಾರಿಸುವುದು ಚಿಂತೆಯಲ್ಲ, ಚಿಂತೆಯ ನಿವಾರಣೆ.

ಇನ್ನು ಯಂತ್ರದೊಡನೆ ಬಾಳುವ ಮಾತು. ಮೊದಲು ಎದುರಾಗುವುದು ಸುಳ್ಳು ಕೂಗು. ಸಂವೇದಕದ ಮುಖದ ಮೇಲೆ ಹಲ್ಲಿ ಹರಿದರೂ, ಬಿಸಿಲಿಗೆ ಕಾದ ಪರದೆ ಗಾಳಿಗೆ ಅಲುಗಿದರೂ, ಹಾಲಿನ ಪಾತ್ರೆಯನ್ನರಸಿ ಬೆಕ್ಕು ಬಂದರೂ ಯಂತ್ರವು ಕಳ್ಳನೆಂದು ಬಗೆದು ಕೂಗೀತು. ಅಮೆರಿಕದ ಪೊಲೀಸರಿಗೆ ಬರುತ್ತಿದ್ದ ಇಂಥ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಳ್ಳೆಂದು ಅಲ್ಲಿಯ ಅಧ್ಯಯನಗಳು ತಿಳಿಸಿದವು; ಸಾಲ್ಟ್ ಲೇಕ್ ಸಿಟಿ ಎಂಬ ನಗರವು 2000ದಲ್ಲಿ, ಯಾರಾದರೂ ಖಚಿತಪಡಿಸಿದ ಹೊರತು ಬರಿಯ ಗಂಟೆಯ ಕೂಗಿಗೆ ಪೊಲೀಸರನ್ನು ಕಳುಹಿಸುವುದನ್ನೇ ನಿಲ್ಲಿಸಿತು. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿಯನ್ನು ಹಾಕಿವೆ. ಸೈರನ್ನಿನ ಕೂಗು ನೂರು ಡೆಸಿಬಲ್‌ನ ಆಸುಪಾಸಿನದು. ನೆರೆಮನೆಯ ಹಸುಗೂಸು, ರೋಗಿ, ಪರೀಕ್ಷೆಗೆ ಓದುವ ವಿದ್ಯಾರ್ಥಿ ಇವರೆಲ್ಲರೂ ನಮ್ಮ ಸೊತ್ತಿನ ಕಾವಲಿಗೆ ತಮ್ಮ ನಿದ್ರೆಯನ್ನು ತೆತ್ತಂತಾಗುತ್ತದೆ. ಆದುದರಿಂದ ಸಂವೇದಕವನ್ನು ಬಿಸಿಲಿಗೂ ಪರದೆಗೂ ಎದುರಾಗದಂತೆ ಇಡುವುದು, ಕೂಗು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುವಂತೆ ಮಾಡುವುದು, ಊರಿಗೆ ಹೋಗುವಾಗ ಅದನ್ನು ನಿಲ್ಲಿಸಬಲ್ಲವರೊಬ್ಬರಿಗೆ ಸಂಕೇತವನ್ನು ತಿಳಿಸಿಹೋಗುವುದು ಬರಿಯ ತಾಂತ್ರಿಕ ಸೂಚನೆಗಳಲ್ಲ, ಪರಪೀಡೆಯನ್ನು ತಪ್ಪಿಸುವ ಧರ್ಮ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೈರನ್ ಎಂದರೆ ಏನು? ಯಾರಾದರೂ ಬನ್ನಿರೆಂಬ ಕೂಗು. ಯಂತ್ರವು ಕೂಗಬಲ್ಲುದು, ಓಡಿಬರಲಾರದು. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ. ಆದರೆ ಅವರಿಗಿಂತ ಮೊದಲು ಬರಬಲ್ಲವರು ಪಕ್ಕದ ಮನೆಯವರು. ವರ್ಷಗಟ್ಟಲೆ ಮುಖ ಕೊಟ್ಟು ಮಾತನಾಡದ ನೆರೆಯವರನ್ನು ನಡುರಾತ್ರಿ ನೂರು ಡೆಸಿಬಲ್‌ನಲ್ಲಿ ಕರೆದರೆ ಅವರು ಬಂದಾರೆಯೇ? ಕಿಟಕಿ ಮುಚ್ಚಿಕೊಂಡು ಮಲಗಿದರೆ ಅವರ ತಪ್ಪೆನ್ನಲಾದೀತೇ? ಹಿಂದೆ ಜಗಲಿಯ ಮೇಲೆ ಕುಳಿತ ಅಜ್ಜನೂ, ಎದುರು ಮನೆಯ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಯೂ ಸಂಬಳವಿಲ್ಲದ ಕಾವಲುಗಾರರಾಗಿದ್ದರು. ಆ ಜಗಲಿಗಳು ಹೋದವು. ಅವುಗಳ ಸ್ಥಾನವನ್ನು ಯಂತ್ರವೊಂದೇ ತುಂಬಲಾರದು. ಯಂತ್ರವನ್ನು ಕೂಡಿಸಿದ ದಿನವೇ ಎಡಬಲದ ಮನೆಗಳಿಗೆ ಹೋಗಿ, ಇಂಥದೊಂದನ್ನು ಹಾಕಿದ್ದೇವೆ, ಕೂಗಿದರೆ ದಯವಿಟ್ಟು ನೋಡಿ, ನಿಮ್ಮ ಮನೆಗೂ ನಾವು ಹಾಗೆಯೇ ಬರುತ್ತೇವೆ ಎಂದು ಹೇಳಿಬರುವುದು ಯಂತ್ರದ ಅತ್ಯಂತ ಮುಖ್ಯವಾದ ಜೋಡಣೆ. ಅದು ಪೆಟ್ಟಿಗೆಯೊಳಗೆ ಬರುವುದಿಲ್ಲ.

ಎರಡನೆಯ ಕಷ್ಟ ಸಂಶಯದ್ದು. ಯಾವ ಬಾಗಿಲು ಯಾವ ಗಳಿಗೆಯಲ್ಲಿ ತೆರೆಯಿತು ಎಂಬುದನ್ನು ಯಂತ್ರವು ಬರೆದಿಡುತ್ತದೆ. ಕಳ್ಳನಿಗಾಗಿ ಇಟ್ಟ ಕಡತದಲ್ಲಿ ದಿನನಿತ್ಯ ದಾಖಲಾಗುವವರು ಕಳ್ಳರಲ್ಲ. ಕೆಲಸದಾಕೆ, ಹಾಲಿನವನು, ಕಾಲೇಜಿನಿಂದ ತಡವಾಗಿ ಬರುವ ಮಗಳು, ಹಿತ್ತಲಿಗೆ ಹೋಗಿಬರುವ ಅತ್ತೆ. ನೋಡಬೇಕೆಂಬ ಉದ್ದೇಶವಿಲ್ಲದಿದ್ದರೂ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಹತ್ತುತ್ತದೆ. ಮನೆಯಲ್ಲಿ ಒಂದು ಉಂಗುರ ಕಾಣದಾದರೆ ಮೊದಲು ಬೆರಳು ತೋರುವುದು ಕೆಲಸದಾಕೆಯ ಕಡೆಗೇ. ಆಕೆಗೆ ಪ್ರತ್ಯೇಕ ಸಂಕೇತವನ್ನು ಕೊಟ್ಟರೆ ಅದು ಆಕೆಯ ನಿರಪರಾಧಕ್ಕೆ ಸಾಕ್ಷಿಯಾಗಬಲ್ಲುದು ಎಂಬುದೂ ನಿಜ. ಆದರೆ ಅದನ್ನು ಆಕೆಗೆ ತಿಳಿಸಿ ಕೊಡಬೇಕು. ತಿಳಿಸಿ ಇಟ್ಟದ್ದು ವ್ಯವಸ್ಥೆ. ತಿಳಿಸದೆ ಇಟ್ಟದ್ದು ಬಲೆ.

ಯಂತ್ರದ ಜೊತೆಗೆ ಮಾರುವ ಕ್ಯಾಮೆರಾದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ವ್ಯಕ್ತಿಯೊಬ್ಬನು ತನ್ನ ಮನೆಯ ಉಪಯೋಗಕ್ಕಾಗಿ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೀಗೆ ನಮ್ಮ ಹಜಾರದ ಕ್ಯಾಮೆರಾದ ಮುಂದೆ ಆ ಕಾಯಿದೆ ಬಾಗಿಲಾಚೆಯೇ ನಿಂತುಬಿಡುತ್ತದೆ; ಒಳಗೆ ಬರಬೇಕಾದದ್ದು ಅಂತಃಕರಣ. ಚಿತ್ರಗಳು ನಮ್ಮ ಮನೆಯಲ್ಲಿಯೇ ಉಳಿಯುತ್ತವೆಂಬ ಭರವಸೆಯೂ ಇಲ್ಲ. ಅಮೆರಿಕದ ರಿಂಗ್ ಸಂಸ್ಥೆಯ ನೌಕರರು ಗ್ರಾಹಕರ ಖಾಸಗಿ ಚಿತ್ರಗಳನ್ನು ನೋಡಲು ಸಾಧ್ಯವಾಗಿತ್ತೆಂಬ ಆರೋಪವನ್ನು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೊರಿಸಿ, 58 ಲಕ್ಷ ಡಾಲರುಗಳ ರಾಜಿಯಿಂದ ಅದು ಇತ್ಯರ್ಥವಾಯಿತು. ಹೊರಬಾಗಿಲ ಮುಂದೆ ಕ್ಯಾಮೆರಾ ಬೇಕಾದರೆ ಇರಲಿ, ಅದೂ ಎದುರು ಮನೆಯ ಕಿಟಕಿಯನ್ನು ಇಣುಕದಂತೆ ಇರಲಿ. ಮನೆಯೊಳಗೆ ಬಾಗಿಲಿನ ಅಯಸ್ಕಾಂತ ಸಾಕು. ಅದಕ್ಕೆ ಬಾಗಿಲು ತೆರೆದುದು ಮಾತ್ರ ತಿಳಿಯುತ್ತದೆ. ಯಾರು ಅತ್ತರು, ಯಾರು ನಕ್ಕರು ಎಂಬುದು ತಿಳಿಯುವುದಿಲ್ಲ. ಅದರ ಅಜ್ಞಾನವೇ ಅದರ ಗುಣ.

ಮೂರನೆಯ ಹಾಗೂ ಎಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಮೊಬೈಲಿನದು. ಹಳೆಯ ಬೀಗವನ್ನು ಹಾಕಿ, ಎಳೆದು ನೋಡಿ ಹೊರಟರೆ ಮನೆಯ ಚಿಂತೆ ಬಾಗಿಲಲ್ಲಿಯೇ ಉಳಿಯುತ್ತಿತ್ತು. ಈಗ ಬಾಗಿಲೇ ಜೇಬಿನೊಳಗೆ ಬರುತ್ತದೆ. ಶ್ರವಣಬೆಳಗೊಳದ ಮೆಟ್ಟಿಲನ್ನೇರುವಾಗಲೂ, ಮದುವೆಯ ಮನೆಯಲ್ಲಿ ಕುಳಿತಾಗಲೂ, ಸಾಮಾಯಿಕಕ್ಕೆ ಕಣ್ಣು ಮುಚ್ಚಿದಾಗಲೂ ಕೈ ತಾನಾಗಿ ಮೊಬೈಲಿನತ್ತ ಹೋಗುತ್ತದೆ. ಎಲ್ಲವೂ ಕ್ಷೇಮವೆಂಬ ಸಂದೇಶವನ್ನು ನೋಡಿದ ಸಮಾಧಾನವು ಕ್ಷಣಮಾತ್ರದ್ದು, ಮತ್ತೆ ನೋಡಬೇಕೆನಿಸುತ್ತದೆ. ವಿಷಯಸಂರಕ್ಷಣದ ಧ್ಯಾನಕ್ಕೆ ಇದಕ್ಕಿಂತ ಅನುಕೂಲವಾದ ಮಣೆಯನ್ನು ಯಾರೂ ಹಿಂದೆ ಮಾಡಿರಲಿಲ್ಲ. ಯಂತ್ರವನ್ನು ಹಾಕಿದ ಮೇಲೆ ಮನೆಯ ಯೋಚನೆ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಒಂದು ವಾರ ಲೆಕ್ಕವಿಟ್ಟು ನೋಡಬಹುದು. ಮೊದಲಿಗಿಂತ ಕಡಿಮೆಯಾಗಿದ್ದರೆ ಯಂತ್ರವು ನಮ್ಮನ್ನು ಕಾಯುತ್ತಿದೆ. ಹೆಚ್ಚಾಗಿದ್ದರೆ ನಾವು ಯಂತ್ರವನ್ನು ಕಾಯುತ್ತಿದ್ದೇವೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ನಿಜವಾದ ಅಪಾಯದ ಕೂಗೊಂದನ್ನುಳಿದು ಬೇರೆಲ್ಲ ಸಂದೇಶಗಳನ್ನು ನಿಲ್ಲಿಸುವ ಸೌಲಭ್ಯವು ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದನ್ನು ಬಳಸಬೇಕು. ಬಾಗಿಲು ತೆರೆದು ಮುಚ್ಚಿದ ಪಟ್ಟಿಯನ್ನು ಕಾರಣವಿಲ್ಲದೆ ತೆರೆಯೆನೆಂದು ನಿಯಮ ಮಾಡಿಕೊಳ್ಳಬೇಕು. ತಿಂಗಳಲ್ಲಿ ಒಂದು ದಿನವನ್ನು ಗೊತ್ತುಮಾಡಿ, ನೆರೆಯವರಿಗೆ ಮೊದಲೇ ತಿಳಿಸಿ, ಹಗಲು ಹೊತ್ತಿನಲ್ಲಿ ಯಂತ್ರವನ್ನು ಪರೀಕ್ಷಿಸಿ, ಬ್ಯಾಟರಿಗಳನ್ನು ನೋಡಿ, ಮತ್ತೆ ಮುಂದಿನ ತಿಂಗಳವರೆಗೆ ಮರೆಯಬೇಕು. ಮುಗಿದ ಬ್ಯಾಟರಿಗಳನ್ನು ಮಣ್ಣಿಗೂ ನೀರಿಗೂ ಎಸೆಯದೆ ಸಂಗ್ರಹಿಸಿ, ಮರುಬಳಕೆಗೆ ಕಳುಹಿಸುವವರಿಗೆ ಒಪ್ಪಿಸಬೇಕು. ನಮ್ಮ ನೆಮ್ಮದಿಯ ವಿಷವು ಸೂಕ್ಷ್ಮಜೀವಿಗಳ ಪಾಲಾಗಬಾರದು.

ಇಷ್ಟನ್ನು ಓದಿದವರಲ್ಲಿ ಕೆಲವರಿಗೆ ಒಂದು ಆಕ್ಷೇಪಣೆ ತೋರಬಹುದು. ಒಮ್ಮೆ ಕಳವಾದ ಮನೆಯವರಿಗೆ, ಒಂಟಿಯಾಗಿ ಬಾಳುವ ವೃದ್ಧೆಗೆ, ರಾತ್ರಿ ಪಾಳಿಗೆ ಹೋಗುವ ಗಂಡನ ಎಳೆಯ ಹೆಂಡತಿಗೆ ಭಯ ಪಡಬೇಡವೆಂದು ಉಪದೇಶಿಸುವುದು ಸುಲಭ. ಅವರ ರಾತ್ರಿಗಳನ್ನು ಕಳೆಯುವುದು ಸುಲಭವಲ್ಲ. ಈ ಆಕ್ಷೇಪಣೆಯು ನ್ಯಾಯವಾದುದು. ಜೀವಭಯವನ್ನೂ ವಸ್ತುವಿನ ಮೋಹವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನ್ಯೂಯಾರ್ಕಿನ ಆ ದಾದಿಯ ಮನಸ್ಸಿನಲ್ಲಿದ್ದುದು ಒಡವೆಯ ಚಿಂತೆಯಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಒಂಟಿಯಾಗಿರುವ ಅಜ್ಜಿಯ ಹಾಸಿಗೆಯ ಬದಿಗೆ, ಒತ್ತಿದೊಡನೆ ನಾಲ್ಕು ಜನರನ್ನು ಕರೆಯುವ ಒಂದು ಗುಂಡಿಯನ್ನು ಇರಿಸಿ, ಆಕೆಗೆ ಅದನ್ನು ಎರಡು ಸಲ ಒತ್ತಿ ತೋರಿಸಿ ಬರುವ ಮೊಮ್ಮಗನು ಮಾಡಿದುದು ಅಭಯದಾನವೇ. ದೂರದ ಊರಿನಲ್ಲಿರುವ ಮಕ್ಕಳು, ಅಪ್ಪ ಅಮ್ಮನ ಒಪ್ಪಿಗೆ ಪಡೆದು, ಬೆಳಗ್ಗೆ ಬಾಗಿಲು ತೆರೆಯದಿದ್ದರೆ ತಮಗೆ ತಿಳಿಯುವಂತೆ ಮಾಡಿಕೊಂಡರೆ ಅದೂ ಸತ್ಕಾರ್ಯ. ಆದರೆ ಆ ಸಂದೇಶವು ಮಕ್ಕಳ ವಾರದ ಕರೆಗೂ ಹಬ್ಬದ ಭೇಟಿಗೂ ಬದಲಿಯಾಗಬಾರದು.

ಕೊನೆಯದಾಗಿ ಒಂದು ಮಾತು. ಮನೆಯ ಎಲ್ಲ ಸಂವೇದಕಗಳೂ ಹೊರಗಿನಿಂದ ಬರುವವನನ್ನು ಹಿಡಿಯಲು ಇಟ್ಟವು. ಅಚೌರ್ಯಾಣುವ್ರತದ ಅತಿಚಾರಗಳಾದರೋ ಬಾಗಿಲು ಮುರಿಯುವವನನ್ನು ಕುರಿತಷ್ಟೇ ಹೇಳಿದವಲ್ಲ. ಕಳವಿನ ಮಾಲನ್ನು ಅಗ್ಗಕ್ಕೆ ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೀಳು ಸರಕನ್ನು ಬೆರೆಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಹೀಗೆ ಬಂದ ಸಂಪತ್ತು ಹಗಲು ಹೊತ್ತಿನಲ್ಲಿಯೇ ಮುಂಬಾಗಿಲಿನಿಂದ ಒಳಗೆ ಬರುತ್ತದೆ. ಆಗ ಯಾವ ಸೈರನ್ನೂ ಕೂಗುವುದಿಲ್ಲ. ಹಾಗೆ ಬಂದದ್ದನ್ನು ರಾತ್ರಿ ಯಂತ್ರವಿಟ್ಟು ಕಾಯುವವನ ಮನೆಯಲ್ಲಿ ಕಳ್ಳತನವು ಆಗಲೇ ನಡೆದುಹೋಗಿದೆ. ನ್ಯಾಯದಿಂದ ಗಳಿಸಿ, ಮಿತಿಯಲ್ಲಿ ಇರಿಸಿಕೊಂಡು, ಉಳಿದುದನ್ನು ಹಂಚಿದವನಿಗೆ ಕಾಯಬೇಕಾದದ್ದೂ ಕಡಿಮೆ, ಕಳೆದುಕೊಂಡಾಗ ಆಗುವ ದುಃಖವೂ ಕಡಿಮೆ.

ಆದುದರಿಂದ ಅಗತ್ಯವಿದ್ದವರು ಯಂತ್ರವನ್ನು ಸಂಕೋಚವಿಲ್ಲದೆ ಕೊಳ್ಳಲಿ, ಬೇಕಾದಷ್ಟೇ ಕೊಳ್ಳಲಿ, ಮನೆಯವರಿಗೂ ಕೆಲಸದವರಿಗೂ ನೆರೆಯವರಿಗೂ ತಿಳಿಸಿ ಕೂಡಿಸಲಿ. ರಾತ್ರಿ ಮಲಗುವ ಮುನ್ನ ಗುಂಡಿಯನ್ನೊತ್ತಿ, ಮೊಬೈಲನ್ನು ಬದಿಗಿರಿಸಿ, ಣಮೋಕಾರವನ್ನು ನೆನೆದು ನಿದ್ರಿಸಲಿ. ಎಚ್ಚರವಿರಲೆಂದು ಯಂತ್ರವನ್ನು ತಂದ ಮೇಲೆ ಅದನ್ನು ಎಚ್ಚರವಾಗಿರಲು ಬಿಡಬೇಕು. ಉಳಿದ ಮನಸ್ಸಿಗೆ ಮಾಡಲು ಬೇರೆ ಕೆಲಸ ಬಹಳವಿದೆ.